ಗುಡ್ಡದ ಕೆರೆಯ ಕೋಡಿ ಮೊದಲು ತೆರವು ಮಾಡಿ, ಆಮೇಲೆ ಬೋರ್ಡು ಹಾಕಿ

ಸಂಪಾದಕರಿಗೆ ನಮಸ್ಕಾರ.

ಶಿರಸಿ ತಾಲ್ಲೂಕಿನ ನಮ್ಮೂರ ಗುಡ್ಡದ ಮೇಲಿನ ಕೆರೆ ‘ಅಭಿವೃದ್ಧಿ’ ಆಗುತ್ತದೆ ಅಂತ ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಓದಿದೆ. ಸುತ್ತ ಚೈನ್‌ಲಿಂಕ್ ಬೇಲಿ, ಏರಿ ಮೇಲೆ ಪೇವರ್ಸ್, ಕೂರಲಿಕ್ಕೆ ಮಂಟಪ, ಸೆಲ್ಫಿ ತೆಗೆಯಲಿಕ್ಕೆ ಒಂದು ಕಟ್ಟೆ. ಜೊತೆಗೆ ಹಿಟಾಚಿ ತಂದು ಕೆರೆಯನ್ನು ಹತ್ತು ಅಡಿ ಆಳ ಮಾಡುತ್ತಾರಂತೆ. ‘ಅಂತೂ ನಿಮ್ಮ ಕೆರೆಗೆ ಯೋಗ ಬಂತು’ ಅಂತ ಪೇಟೆಯಿಂದ ನೆಂಟರು ಫೋನ್ ಮಾಡಿದರು. ನಾನು ಸುದ್ದಿಯನ್ನು ಇನ್ನೊಂದು ಸಲ ಓದಿದೆ. ಇಡೀ ಪಟ್ಟಿಯಲ್ಲಿ ಹೆಚ್ಚಾದ ನೀರು ಹೊರಹೋಗುವ ಕೋಡಿಯ ಸುದ್ದಿಯೇ ಇಲ್ಲ. ತೋಟಕ್ಕೆ ನೀರು ಬಿಡುವ ತೂಬಿನ ಹೆಸರೂ ಇಲ್ಲ. ಅದಕ್ಕೇ ಈ ಪತ್ರ.

ನಾನು ಆ ಕೆರೆಯ ಕೆಳಗಿನ ಕಣಿವೆಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವಳು. ಮದುವೆಯಾಗಿ ಬಂದಾಗಿನಿಂದ ಆ ನೀರಲ್ಲೇ ತೋಟ ನಡೆದಿದೆ. ತೂಬು ತೆಗೆಯುವ ಪಾಳಿ ನಮ್ಮ ಮನೆಗೂ ಬರುತ್ತದೆ. ಹಾಗಾಗಿ ಅದರ ಕಷ್ಟಸುಖ ಸ್ವಲ್ಪ ಗೊತ್ತು. ಎಂಜಿನಿಯರ್ ಅಲ್ಲ, ಅಷ್ಟು ಮೊದಲೇ ಹೇಳಿಬಿಡುತ್ತೇನೆ.

ಕೆರೆ ನೋಡದವರಿಗಾಗಿ ನಾಲ್ಕು ಮಾತು. ಊರಿನ ಕೊನೆಯ ಮನೆ ದಾಟಿ, ಸೊಪ್ಪಿನ ಬೆಟ್ಟ ಹತ್ತಿ, ಕಾನಿನೊಳಗೆ, ಅಂದರೆ ದಟ್ಟ ಕಾಡಿನೊಳಗೆ ಹೋದರೆ ಎರಡು ಗುಡ್ಡ ಕೂಡುವ ಜಾಗ ಸಿಗುತ್ತದೆ. ಅಲ್ಲಿ ಅಡ್ಡಕ್ಕೆ ಒಂದು ಏರಿ ಹಾಕಿದ್ದಾರೆ. ಅಷ್ಟೇ. ಹೆಚ್ಚೆಂದರೆ ಒಂದೂವರೆ ಎಕರೆ ನೀರು. ಹೊಳೆ ಇಲ್ಲ, ಹಳ್ಳ ಇಲ್ಲ, ಗುಡ್ಡದ ಮೇಲೆ ಬಿದ್ದ ಮಳೆಯೇ ಅದರ ಬಂಡವಾಳ. ಏರಿಯ ಒಳಮೈಗೆ ಚಿರೇಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು ಕಟ್ಟಿದ್ದಾರೆ. ಸುಣ್ಣ, ಗಾರೆ ಏನೂ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಒಂದೊಂದು ಸಾಲೂ ಕೆಳಗಿನ ಸಾಲಿಗಿಂತ ಸ್ವಲ್ಪ ಹಿಂದೆ ಸರಿದು ಕೂತಿದೆ. ಹೊರಮೈ ಮಣ್ಣು, ಹುಲ್ಲು.

ಯಾರು ಕಟ್ಟಿಸಿದ್ದು? ಸೋದೆ ಅರಸರ ಕಾಲದ್ದು ಅಂತ ಊರಲ್ಲಿ ಹೇಳುತ್ತಾರೆ. ನಮ್ಮ ಕಡೆ ಹಳೆಯದೆಲ್ಲ ಸೋದೆ ಅರಸರದ್ದೇ, ಅಲ್ವಾ? 1760ರ ದಶಕದಲ್ಲಿ ಹೈದರಾಲಿಯ ಕೈಗೆ ಹೋಗುವ ತನಕ ಈ ಸೀಮೆ ಅವರದ್ದಾಗಿತ್ತು. ಸೋದೆಯ ಮುತ್ತಿನಕೆರೆ ನೋಡಿದವರಿಗೆ ಅವರು ನೀರಿನ ಕೆಲಸ ಬಲ್ಲವರು ಅನ್ನುವುದರಲ್ಲಿ ಸಂಶಯ ಬರುವುದಿಲ್ಲ. ಆದರೆ ನಮ್ಮ ಕೆರೆಗೆ ಶಾಸನ ಇಲ್ಲ, ಏರಿ ಮೇಲೆ ಒಂದು ಅಕ್ಷರವೂ ಇಲ್ಲ. ಬನವಾಸಿಯ ಕದಂಬರದ್ದು ಬೇರೆ ಕಥೆ. ಕಾಕುಸ್ಥವರ್ಮ ತಾಳಗುಂದದಲ್ಲಿ ಶಿವನ ಗುಡಿಯ ಹತ್ತಿರ ಕೆರೆ ಮಾಡಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಅದನ್ನು ಪದ್ಯ ಮಾಡಿ ಕಲ್ಲುಕಂಬದ ಮೇಲೆ ಬರೆದ. ಐದನೇ ಶತಮಾನದ ಮಾತು ಇದು. ಅದೇ ವಂಶದ ರವಿವರ್ಮನ ಶಾಸನ ಸಿಕ್ಕಿದ ಗುಡ್ನಾಪುರದಲ್ಲೂ ದೊಡ್ಡ ಕೆರೆ ಇದೆ, ಬನವಾಸಿಗೆ ಹೋದವರು ನೋಡಿರುತ್ತಾರೆ. ಕೆರೆ ಕಟ್ಟಿಸಿದವರ ಹೆಸರು ಹೀಗೆ ಕಲ್ಲಿನ ಮೇಲೆ ಉಳಿಯಿತು. ವರ್ಷವರ್ಷ ಮಳೆಗೆ ಮೊದಲು ಕೋಡಿಯ ಕಸ ತೆಗೆದವರ ಹೆಸರು ಎಲ್ಲೂ ಇಲ್ಲ. ಕೆರೆ ಉಳಿದದ್ದು ಮಾತ್ರ ಅವರಿಂದಲೇ ಅಂತ ನನ್ನ ಅಭಿಪ್ರಾಯ.

ಈಗ ಕೋಡಿಗೆ ಬರುತ್ತೇನೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹೋಗುವ ದಾರಿ ಅದು. ನಮ್ಮ ಕೆರೆಯ ಕೋಡಿ ಏರಿಯ ಮೇಲೆ ಇಲ್ಲ. ಏರಿ ಮುಗಿದು ಗುಡ್ಡ ಶುರುವಾಗುವಲ್ಲಿ, ಗಟ್ಟಿ ಬಂಡೆಯನ್ನು ಕಡಿದು ಮಾಡಿದ್ದಾರೆ. ಉಳಿ ಹೊಡೆದ ಗುರುತು ಇವತ್ತಿಗೂ ಕೈಗೆ ಸಿಗುತ್ತದೆ. ಏರಿಯ ತಲೆಗಿಂತ ಎರಡು ಮೊಳ ಕೆಳಗಿದೆ. ಅಲ್ಲಿಂದ ಹೊರಟ ನೀರು ಏರಿಯ ಬುಡಕ್ಕೆ ಬೀಳುವುದೇ ಇಲ್ಲ. ಗುಡ್ಡ ಬಳಸಿ ಆಚೆ ಕಡೆಯ ಹಳ್ಳಕ್ಕೆ ಹೋಗುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿಯಬಾರದು, ಹರಿದರೆ ಒಂದೇ ರಾತ್ರಿಯಲ್ಲಿ ಕೊಚ್ಚಿ ಹೋಗುತ್ತದೆ. ಇದು ಗೊತ್ತಿದ್ದವರು ಮಾಡಿದ ಕೆಲಸ ಅದು. ಪೇವರ್ಸ್ ಹಾಕುವವರಿಗೆ ಇದು ಗೊತ್ತಿದೆಯೋ ಇಲ್ಲವೋ, ಪಟ್ಟಿ ನೋಡಿದರೆ ಅನುಮಾನ ಬರುತ್ತದೆ.

ಈ ಕೋಡಿ ಈಗ ಅರ್ಧ ಮುಚ್ಚಿದೆ. ಎರಡು ಮಳೆಗಾಲದ ಹಿಂದೆ ಒಂದು ದೊಡ್ಡ ಮರ ಅಡ್ಡ ಬಿತ್ತು. ಕಾಡಿನ ಮರ, ಮುಟ್ಟಿದರೆ ಕೇಸು ಅಂತ ಯಾರೂ ತೆಗೆಯಲಿಲ್ಲ. ಅದಕ್ಕೆ ಎಲೆ, ಕಸ, ಮಣ್ಣು ಸಿಕ್ಕಿಕೊಂಡು ದಿಬ್ಬ ಆಗಿದೆ. ಇದು ಸಾಲದು ಅಂತ, ಕೆರೆಯಲ್ಲಿ ನೀರು ಜಾಸ್ತಿ ನಿಲ್ಲಲಿ ಎಂದು ಯಾರೋ ಮರಳಿನ ಚೀಲ ಬೇರೆ ಪೇರಿಸಿದ್ದಾರೆ. ಆಸೆ ಅರ್ಥವಾಗುತ್ತದೆ. ಮಾರ್ಚ್ ತಿಂಗಳಲ್ಲಿ ಅಡಿಕೆಯ ಹೂಗೊಂಚಲು, ಹಿಂಗಾರ, ಬಾಡುವುದನ್ನು ನೋಡಿದವರು ಯಾರಾದರೂ ಹಾಗೆ ಮಾಡಿಯಾರು. ಆದರೆ ಜುಲೈ ತಿಂಗಳ ಮಳೆಯಲ್ಲಿ ಆ ಚೀಲ ಏನು ಮಾಡುತ್ತದೆ ಅಂತಲೂ ಯೋಚಿಸಬೇಕು. ಕಳೆದ ಮಳೆಗಾಲದಲ್ಲಿ ಒಂದು ದಿನ ನೀರು ಏರಿಯ ತಲೆಗೆ ಒಂದು ಗೇಣು ಕೆಳಗಿನವರೆಗೆ ಬಂದಿತ್ತು. ಏರಿಯ ಕೆಳಗಿರುವುದು ಬರೀ ತೋಟ ಅಲ್ಲ. ಮನೆಗಳಿವೆ, ಕೊಟ್ಟಿಗೆಗಳಿವೆ, ಅಂಗನವಾಡಿ ಇದೆ.

ನಮ್ಮ ಜಿಲ್ಲೆಯವರಿಗೆ ಗುಡ್ಡ ಅಂದರೆ ಈಗ ಮೊದಲಿನ ಧೈರ್ಯ ಇಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಎಲ್ಲ ಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದು ಇಡೀ ದೇಶ ನೋಡಿತು. ಅಲ್ಲಿಯ ಕಾರಣ ಬೇರೆ, ನಮ್ಮ ಕೆರೆಯದ್ದು ಬೇರೆ, ಎರಡನ್ನೂ ಗಂಟು ಹಾಕುವುದಿಲ್ಲ. ಆದರೆ ಗುಡ್ಡದ ತಲೆಯ ಮೇಲೆ ನೀರು ನಿಲ್ಲಿಸಿಕೊಂಡ ಊರು ಅದರ ಕೋಡಿ ನೋಡಿಕೊಳ್ಳದೆ ಮಂಟಪ ಕಟ್ಟುವುದಕ್ಕೆ ಹೊರಟರೆ ಏನನ್ನಬೇಕು?

ಇನ್ನು ಮರಗಳು. ಏರಿಯ ಹೊರಮೈ ಮೇಲೆ ಅಕೇಶಿಯಾ ಎದ್ದಿದೆ. ಪಕ್ಕದ ನೆಡುತೋಪಿನಿಂದ ಬೀಜ ಬಂದು ತಾನಾಗಿ ಹುಟ್ಟಿದ್ದು. ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಒಳ್ಳೆಯದೇ ಅಂತ ಹಲವರು ಹೇಳುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಹೌದು. ಕೆರೆ ಏರಿಯಲ್ಲಿ ಅಲ್ಲ. ಮರ ಬದುಕಿರುವ ತನಕ ಬೇರು ಏರಿಯೊಳಗೆ ದಾರಿ ಮಾಡುತ್ತದೆ. ಸತ್ತ ಮೇಲೆ ಬೇರು ಕೊಳೆತು ಅಲ್ಲಿ ಕೊಳವೆ ಉಳಿಯುತ್ತದೆ. ನೀರಿಗೆ ಅಷ್ಟೇ ಸಾಕು. ಗಾಳಿಗೆ ಮರ ಬುಡಸಮೇತ ಮಗುಚಿದರೆ ಏರಿಯ ಒಂದು ತುಂಡೇ ಅದರ ಜೊತೆ ಎದ್ದು ಬರುತ್ತದೆ. ಏರಿಯ ಬುಡದಲ್ಲಿ ಒಂದು ಕಡೆ ನೆಲ ಈಗಾಗಲೇ ಬೇಸಿಗೆಯಲ್ಲೂ ಜವುಗಾಗಿರುತ್ತದೆ. ಅಲ್ಲಿ ಬರುವ ನೀರು ತಿಳಿಯಾಗಿದೆ, ಸದ್ಯಕ್ಕೆ ಸಮಾಧಾನ. ಅದು ಕೆಂಪಗೆ, ಮಣ್ಣು ಕಲಸಿಕೊಂಡು ಬರಲು ಶುರುವಾದ ದಿನ ಒಳಗೆ ಏರಿ ಕರಗುತ್ತಿದೆ ಅಂತಲೇ ಲೆಕ್ಕ. ನಮ್ಮೂರ ಹಳೆಯ ಗೌಂಡಿಯೊಬ್ಬರು ಪ್ರತಿ ಮಳೆಗಾಲ ಅಲ್ಲಿಗೆ ಹೋಗಿ ಒಂದು ಬಿಳಿ ಬಟ್ಟಲಿನಲ್ಲಿ ನೀರು ಹಿಡಿದು ನೋಡುತ್ತಿದ್ದರು. ‘ಅಮ್ಮಾ, ಬಣ್ಣ ನೋಡ್ಕಂಡಿರಿ’ ಅಂತ ನಮಗೂ ಹೇಳಿದ್ದರು. ಈಗ ಅವರಿಗೆ ಗುಡ್ಡ ಹತ್ತಲಾಗುವುದಿಲ್ಲ. ನಾವು ಒಂದಿಬ್ಬರು ಹೋಗುತ್ತೇವೆ.

ಅಪ್ಪಿಕೋ ಚಳವಳಿ ನಡೆದ ತಾಲ್ಲೂಕಿನವಳು ಮರ ಕಡಿಯಿರಿ ಅಂತಾಳಲ್ಲ ಅಂತ ಯಾರಾದರೂ ಅಂದಾರು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯವರು ಮರ ಅಪ್ಪಿ ನಿಂತದ್ದು ಕಾಡು ಉಳಿಸಲಿಕ್ಕೆ, ನೀರು ಉಳಿಸಲಿಕ್ಕೆ. ನಾನು ಹೇಳುತ್ತಿರುವುದೂ ಅದೇ ನೀರಿನ ಮಾತು. ಕೆರೆಯ ಮೇಲ್ಗಡೆಯ ಕಾನಿನಲ್ಲಿ ಒಂದು ಕಡ್ಡಿಯನ್ನೂ ಮುಟ್ಟಬಾರದು. ಏರಿ ಮೇಲಿನ ಸಣ್ಣ ಅಕೇಶಿಯಾ ಗಿಡಗಳನ್ನು ಈಗಲೇ ಕಿತ್ತು ಹಾಕಬೇಕು. ದೊಡ್ಡದನ್ನು ಸುಮ್ನೆ ಕಡಿದು ಬಿಟ್ಟು ಬರುವುದಲ್ಲ. ನೀರು ಇಳಿದ ಮೇಲೆ ಕಡಿದು, ಬೇರಿನ ಗುಂಡಿಗೆ ಜೇಡಿಮಣ್ಣು ಪದರ ಪದರವಾಗಿ ತುಂಬಿ ದಮ್ಮಸು ಮಾಡಬೇಕು. ಇದಕ್ಕೆ ತಿಳಿದ ಎಂಜಿನಿಯರ್ ನಿಂತು ಮಾಡಿಸಬೇಕು.

ಹಿಟಾಚಿ ವಿಷಯಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬೇಡ. ಹೂಳು ತೆಗೆಯುವುದು ಬೇರೆ, ಕೆರೆಯ ತಳ ಅಗೆಯುವುದು ಬೇರೆ. ನಮ್ಮ ಗುಡ್ಡಗಳು ಚಿರೇಕಲ್ಲಿನವು. ಚಿರೇಕಲ್ಲು ಅಂದರೆ ಜರಡಿ. ಅದರ ಮೇಲೆ ನೀರು ನಿಂತಿದೆ ಅಂದರೆ ತಳದಲ್ಲಿ ಜೇಡಿಯ ಪದರ ಕೂತಿದೆ ಅಂತ ಅರ್ಥ. ಕಟ್ಟಿದವರು ಎಮ್ಮೆ, ಕೋಣ ಓಡಾಡಿಸಿ ತುಳಿಸಿದ್ದು ಸ್ವಲ್ಪ, ಆಮೇಲೆ ನೂರಾರು ವರ್ಷ ನಯವಾದ ಮಣ್ಣು ಕೂತದ್ದು ಸ್ವಲ್ಪ. ಹಿಟಾಚಿಯ ಬಕೆಟ್‌ಗೆ ಈ ಪದರ ಯಾವುದು, ಮೇಲಿನ ಹೂಳು ಯಾವುದು ಅಂತ ಗೊತ್ತಾಗುವುದಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಡುವವರಿಗೂ ಗೊತ್ತಾಗುವುದಿಲ್ಲ. ಹತ್ತಿರದ ಒಂದು ಊರಿನಲ್ಲಿ ಹೀಗೇ ಆಳ ಮಾಡಿದರು. ಉದ್ಘಾಟನೆ ಜೋರಾಗಿತ್ತು, ಬಾಳೆಕಂಬ ಕಟ್ಟಿದ್ದರು. ಮೊದಲು ಮಾರ್ಚ್ ತನಕ ನೀರು ಇರುತ್ತಿದ್ದ ಕೆರೆ, ಆಮೇಲೆ ಸಂಕ್ರಾಂತಿಗೆ ಒಣಗಿತು. ನೋಡಲಿಕ್ಕೆ ಮಾತ್ರ ಚಂದ, ನೆಟ್ಟಗೆ ಕಡಿದ ಚೌಕ ಗುಂಡಿ.

ಹಾಗಂತ ಹೂಳು ತೆಗೆಯುವುದು ಬೇಡ ಅನ್ನುವುದಿಲ್ಲ. ಶಿರಸಿಯಲ್ಲಿ ಜೀವಜಲ ಕಾರ್ಯಪಡೆಯವರು ಕೆರೆಗಳ ಹೂಳು ತೆಗೆಸಿ ತೋರಿಸಿಲ್ಲವೇ? ಊರವರು ಮುಂದೆ ನಿಂತರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. ನಮ್ಮಲ್ಲಿ ಮೊದಲು ಏಪ್ರಿಲ್‌ನಲ್ಲಿ ಮನೆಗೊಬ್ಬರು ಹೋಗಿ ಮೇಲಿನ ಕಪ್ಪು ಗೋಡು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು. ತೋಟಕ್ಕೆ ಹಾಕಿದರೆ ಅದಕ್ಕಿಂತ ಒಳ್ಳೆಯ ಮಣ್ಣು ಇಲ್ಲ. ಗುದ್ದಲಿಗೆ ಬೂದಿಬಣ್ಣದ ಗಟ್ಟಿ ಜೇಡಿ ಸಿಕ್ಕಿದ ಕೂಡಲೇ ಅಗೆಯುವುದು ನಿಲ್ಲಿಸುತ್ತಿದ್ದರು. ಇದನ್ನು ಉದ್ಯೋಗ ಖಾತ್ರಿಯಲ್ಲಿ ಕೈಕೆಲಸವಾಗಿಯೇ ಮಾಡಿಸಬಹುದಲ್ಲ. ನಿಧಾನ ಆಗುತ್ತದೆ, ಹೌದು. ಎರಡು ಬೇಸಿಗೆ ಹಿಡಿದರೆ ಹಿಡಿಯಲಿ.

ಒಂದೂವರೆ ಎಕರೆ ಕೆರೆಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಎಕರೆಯಲ್ಲಿ ಒಂದು ಮೀಟರ್ ನೀರು ನಿಂತರೆ 40 ಲಕ್ಷ ಲೀಟರ್ ಆಗುತ್ತದೆ. ಬೇಸಿಗೆಯಲ್ಲಿ ಊರೂರಿಗೆ ಬರುವ 5,000 ಲೀಟರಿನ ಟ್ಯಾಂಕರ್ ಆದರೆ 800 ಟ್ಯಾಂಕರ್ ನೀರು. ಅದೂ ಡೀಸೆಲ್ ಇಲ್ಲದೆ, ಕರೆಂಟ್ ಇಲ್ಲದೆ ಇಳಿದು ಬರುವ ನೀರು. ಶಿರಸಿಗೆ ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ ಬರುತ್ತದೆ ಅನ್ನುತ್ತಾರೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಮೇಲೆ ಮೇ ತನಕ ಏನು? ಗುಡ್ಡ ಕುಡಿದಿಟ್ಟುಕೊಂಡ ನೀರು ಕೆಳಗೆ ಒರತೆಯಾಗಿ, ಅಬ್ಬಿಯಾಗಿ ಬರಬೇಕು. ಮೇಲಿನ ಕೆರೆಯಲ್ಲಿ ನೀರಿದ್ದ ವರ್ಷ ನಮ್ಮ ಮನೆಯ ಹಿಂದಿನ ಅಬ್ಬಿ ಏಪ್ರಿಲ್‌ನಲ್ಲೂ ನಿಲ್ಲುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಸಾರಿತ್ತು. ಮಲೆನಾಡಿಗೆ ಬರ ಬರುವುದಿಲ್ಲ ಅನ್ನುವ ಜಂಬ ಆ ವರ್ಷವೇ ಇಳಿಯಿತು.

ತೂಬಿನ ಬಗ್ಗೆ ಹೇಳದೆ ಬಿಡಲು ಮನಸ್ಸಿಲ್ಲ. ಕೆರೆಯೊಳಗೆ, ಏರಿಗೆ ಹತ್ತಿರದಲ್ಲಿ ಎರಡು ಕಲ್ಲುಕಂಬ ನಿಂತಿವೆ. ಮೇಲೊಂದು ಅಡ್ಡಗಲ್ಲು, ಅದರ ನಡುವೆ ತೂತು. ಆ ತೂತಿನ ಮೂಲಕ ಒಂದು ಉದ್ದ ಮರದ ಗೂಟ ಕೆಳಗಿಳಿದು, ತಳದ ಕಲ್ಲಿನ ಬಾಯಿಗೆ ಬಿರಡೆಯ ಹಾಗೆ ಕೂರುತ್ತದೆ. ಗೂಟ ಹೆಬ್ಬಲಸಿನದ್ದು, ಕರಾವಳಿಯಲ್ಲಿ ದೋಣಿ ಮಾಡುವ ಮರ, ನೀರಿಗೆ ಜಗ್ಗುವುದಿಲ್ಲ. ಗೂಟ ಎತ್ತಿದಷ್ಟೇ ನೀರು. ಏರಿಯ ಅಡಿಯಲ್ಲಿ ಕಲ್ಲಿನ ಗಟಾರದಲ್ಲಿ ಹರಿದು ಆಚೆ ಕಾಲುವೆಗೆ ಬೀಳುತ್ತದೆ, ಅಲ್ಲಿಂದ ತೋಟಗಳಿಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಹತ್ತಿರ ಹೋಗಿ ನೋಡಬೇಕು. ಗೂಟ ಉಜ್ಜಿ ಉಜ್ಜಿ ಅಡ್ಡಗಲ್ಲಿನ ತೂತಿನ ಒಂದು ಬದಿ ಮಾತ್ರ ಸವೆದು ನುಣುಪಾಗಿದೆ, ಬಲಗಡೆ ಬದಿ. ಏರಿಯ ಮೇಲೆ ನಿಂತು ಎಳೆದವರೆಲ್ಲ ಒಂದೇ ಕಡೆಗೆ ಎಳೆದದ್ದು. ಈ ತೂಬಿನ ಒಳಬಾಯಿಯ ಎರಡು ಕಲ್ಲು ಈಗ ಜರುಗಿವೆ. ಗೂಟ ಸರಿಯಾಗಿ ಕೂರುವುದಿಲ್ಲ, ರಾತ್ರಿ ಹಗಲು ನೀರು ಸೋರುತ್ತದೆ. ಅದನ್ನು ಕೂರಿಸಲಿಕ್ಕೆ ಬಂದವರೊಬ್ಬರು ‘ಇದನ್ನೆಲ್ಲ ತೆಗೆದು ಪಿವಿಸಿ ಪೈಪು, ವಾಲ್ವು ಹಾಕೋಣ’ ಅಂದರು. ಏರಿ ಕಡಿದು ಪೈಪು ಹಾಕಿ, ಮತ್ತೆ ಮಣ್ಣು ಮುಚ್ಚಿದರೆ ಆ ಪೈಪಿನ ಮೈಗುಂಟ ನೀರು ದಾರಿ ಹುಡುಕಿಕೊಳ್ಳುತ್ತದೆ. ಜರುಗಿದ ಎರಡು ಕಲ್ಲು ಕೂರಿಸಿಕೊಟ್ಟರೆ ನಮಗೆ ಬೇಕಾದಷ್ಟಾಯಿತು.

ಬೇಲಿಯ ವಿಷಯ ಬೇಗ ಮುಗಿಸುತ್ತೇನೆ. ಆ ಕೆರೆಗೆ ನಮಗಿಂತ ಮೊದಲಿನ ಗಿರಾಕಿಗಳು ಕಾಡುಕೋಣ, ಕಡವೆ, ಮಂಗ. ಅವಕ್ಕೆ ಅಲ್ಲಿ ನೀರು ಸಿಗದಂತೆ ಬೇಲಿ ಹಾಕಿದರೆ ಕೆಳಗೆ ತೋಟಕ್ಕೇ ಬರುತ್ತವೆ. ಬಂದು ನೀರು ಮಾತ್ರ ಕುಡಿದು ಹೋಗುವುದಿಲ್ಲ. ಇನ್ನು ಪ್ರವಾಸಿಗಳು. ರೀಲ್ಸ್ ನೋಡಿ ಈಗಲೇ ಬರುತ್ತಿದ್ದಾರೆ, ಬಾಟಲಿ, ಚಿಪ್ಸ್ ಪ್ಯಾಕೆಟ್ ಬಿಟ್ಟು ಹೋಗುತ್ತಾರೆ. ಅವೂ ಕೋಡಿಗೇ ಬಂದು ಸಿಕ್ಕಿಕೊಳ್ಳುತ್ತವೆ.

ಯಾರು ಮಾಡಬೇಕು ಅನ್ನುವುದೇ ದೊಡ್ಡ ತಲೆನೋವು. ಒಂದು ಕಚೇರಿಯವರು ಜಾಗ ಕಾಡಿನದ್ದು ಅನ್ನುತ್ತಾರೆ. ಇನ್ನೊಂದು ಕಚೇರಿಯವರು ನೀರು ಊರಿನದ್ದು ಅನ್ನುತ್ತಾರೆ. 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು ಇರುವ ಕೆರೆ ಮಾತ್ರ ಸಣ್ಣ ನೀರಾವರಿ ಇಲಾಖೆಗೆ ಬರುತ್ತದೆ, ಅದಕ್ಕಿಂತ ಸಣ್ಣದು ಪಂಚಾಯಿತಿಗಳ ಪಾಲಿಗೆ. ನಮ್ಮದು ಅಷ್ಟು ದೊಡ್ಡದಲ್ಲ. ಪೇವರ್ಸ್ ಹಾಕಲಿಕ್ಕೆ ಅಡ್ಡ ಬಾರದ ಕಾಡಿನ ಕಾನೂನು ಕೋಡಿಯ ಮರ ತೆಗೆಯಲಿಕ್ಕೆ ಮಾತ್ರ ಯಾಕೆ ಅಡ್ಡ ಬರುತ್ತದೋ ನನಗೆ ತಿಳಿಯದು.

ದಾರಿ ಇಲ್ಲದೇ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಹೆಸರು ಹೇಳಿದರೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಅತಿಕ್ರಮಣದ ಪಟ್ಟಾ ಒಂದೇ ನೆನಪಾಗುತ್ತದೆ. ಅದರ 3(2)ನೇ ಕಲಂ ಓದಿದವರು ಕಡಿಮೆ. ಶಾಲೆ, ಅಂಗನವಾಡಿ, ರಸ್ತೆಗಳ ಜೊತೆ ಕೆರೆ ಮತ್ತು ಸಣ್ಣ ಜಲಮೂಲಗಳನ್ನೂ ಅಲ್ಲಿ ಹೆಸರಿಸಿದ್ದಾರೆ. ಒಂದೊಂದು ಕೆಲಸಕ್ಕೂ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ನಮ್ಮ ಕೆರೆ ಒಂದು ಹೆಕ್ಟೇರು ಮುಟ್ಟುವುದಿಲ್ಲ. 5ನೇ ಕಲಂ ಅಂತೂ ಜಲಾನಯನ ಪ್ರದೇಶ, ನೀರಿನ ಮೂಲ ಕಾಯುವ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿದೆ. ಕೆರೆ ಸಂರಕ್ಷಣೆಗೆ ಅಂತ ರಾಜ್ಯದಲ್ಲಿ 2014ರ ಕಾಯ್ದೆಯೂ ಒಂದಿದೆ. ಕಾಗದದಲ್ಲಿ ಇಷ್ಟಿರುವಾಗ ಒಂದು ಬಿದ್ದ ಮರ ಎರಡು ವರ್ಷ ಕೋಡಿಗೆ ಅಡ್ಡ ಮಲಗಿರುವುದು ನಾಚಿಕೆಯ ಸಂಗತಿ. ಇದರಲ್ಲಿ ಊರವರಾದ ನಮ್ಮ ಪಾಲೂ ಇದೆ. ಗ್ರಾಮಸಭೆಗೆ ಜನ ಬರುವುದು ಮನೆ ಪಟ್ಟಿ ಓದುವ ದಿನ ಮಾತ್ರ.

ನಾನು ಕೇಳುವುದು ಇಷ್ಟೇ. ಮೇ ಮುಗಿಯುವುದರೊಳಗೆ ಕೋಡಿಯ ಮರ, ಚೀಲ, ದಿಬ್ಬ ತೆಗೆಯಲಿ. ಅದಕ್ಕೆ ಟೆಂಡರ್ ಬೇಕಿಲ್ಲ, ಅನುಮತಿಯ ಒಂದು ಹಾಳೆ ಕೊಟ್ಟರೆ ನಾವೇ ಕತ್ತಿ, ಹಾರೆ ಹಿಡಿದು ಹೋಗುತ್ತೇವೆ. ತೂಬಿನ ಕಲ್ಲು ಕೂರಿಸಲಿ. ಏರಿಯ ಮೇಲೆ ಪೇವರ್ಸ್ ಹಾಕುವ ಮೊದಲು ಅದರ ಬುಡದ ಜವುಗನ್ನು ತಿಳಿದವರೊಬ್ಬರು ಬಂದು ನೋಡಲಿ. ಪೇವರ್ಸ್ ಮುಚ್ಚಿದ ಮೇಲೆ ಏರಿ ಎಲ್ಲಿ ಕುಗ್ಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಕಣ್ಣಿಗೆ ಬೀಳುವುದೇ ಇಲ್ಲ. ಮಂಟಪ ಬೇಕೇ ಬೇಕು ಅಂದರೆ ಕೆಳಗೆ ರಸ್ತೆ ಬದಿಯಲ್ಲಿ ಕಟ್ಟಲಿ, ಬಸ್ಸಿಗೆ ಕಾಯುವವರಾದರೂ ಕೂರುತ್ತಾರೆ.

ಮತ್ತೆ, ಕಾಮಗಾರಿಯ ಅಂದಾಜುಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಲಿ. ಕನ್ನಡದಲ್ಲಿ, ಬಾಬ್ತು ಬಾಬ್ತು ಬಿಡಿಸಿ. ಕೋಡಿಗೆ ಎಷ್ಟು, ತೂಬಿಗೆ ಎಷ್ಟು, ಬೋರ್ಡಿಗೆ ಎಷ್ಟು ಅಂತ ಕೇಳಿ ತಿಳಿಯುವ ಹಕ್ಕು ಕೆರೆಯ ಕೆಳಗೆ ಮಲಗುವವರಿಗೆ ಇದೆ.

ನಿಮ್ಮ ವರದಿಗಾರರನ್ನೂ ಒಮ್ಮೆ ಕಳಿಸಿ. ಕಳೆದ ವಾರದ ಸುದ್ದಿಯ ಜೊತೆ ಹಾಕಿದ ಫೋಟೋ ತುಂಬಿದ ಕೆರೆಯದ್ದು, ಅದರಲ್ಲಿ ತೂಬು ಪೂರ್ತಿ ಮುಳುಗಿದೆ. ಏಪ್ರಿಲ್‌ನಲ್ಲಿ ಬಂದರೆ ಎಲ್ಲ ಕಾಣುತ್ತದೆ, ಉಂಬಳದ (ಜಿಗಣೆಯ) ಕಾಟವೂ ಇರುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಬರಲಿ, ಆಸರಿಗೆ, ಕುಡಿಯಲಿಕ್ಕೆ ತಿನ್ನಲಿಕ್ಕೆ, ನಮ್ಮ ಮನೆಯಲ್ಲಿ.

ಇತಿ,
ಅಡಿಕೆ ಬೆಳೆಗಾರ್ತಿ,
ಶಿರಸಿ ತಾಲ್ಲೂಕು